ನಡುವೆ ನಿಂತ ಬಾಯಿ

ನನಗೆ ಬರ್ತಿದ್ದದ್ದು ಒಂದೇ ವಿದ್ಯೆ, ಅಣಕ. ಲೆಕ್ಕದ ಮೇಷ್ಟ್ರು ಮೂಗಿನಲ್ಲಿ "ಏನಯ್ಯಾ ದೊಡ್ಡ ಮನುಷ್ಯಾ" ಅಂತ ಎಳೆಯೋದು, ಅಪ್ಪ ಗಂಟಲು ಕೆರೆದು ಮಾತಿಗಿಳಿಯೋದು, ಎರಡೂ ನನಗೆ ನೀರು ಕುಡಿದಷ್ಟು ಸಲೀಸು. ನನ್ನ ಸ್ವಂತ ದನಿ ಮಾತ್ರ ಕೇಳೋ ಹಾಗಿರಲಿಲ್ಲ, ಬಿಡಿ.

ಸಾರಕ್ಕಿಯ ನಮ್ಮ ಹೊಲ ಲೇಔಟ್ ಆದ ಮೇಲೆ ಅಪ್ಪನಿಗೆ ಉಳಿದದ್ದು ಮೂರು ಹಸು. ದಿನಾ ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿ ಜಯನಗರದ ನನ್ನ ಸ್ಕೂಲಿನ ಗೇಟು ದಾಟಿ ಹೋಗ್ತಿದ್ದ. ಒಳಗೆ ಮಾತ್ರ ಬರ್ತಿರಲಿಲ್ಲ. ಮೇಷ್ಟ್ರ ಮುಂದೆ ಏನು ಮಾತಾಡೋದು ಅಂತ ಅಂಜಿಕೆ.

ಹಾಗಾಗಿ ಇಬ್ಬರ ನಡುವಿನ ಸುದ್ದಿ ಸಾಗ್ತಿದ್ದದ್ದು ನನ್ನ ಬಾಯಲ್ಲೇ. ಒಂಬತ್ತನೇ ಕ್ಲಾಸಲ್ಲಿ ಮೇಷ್ಟ್ರು, "ನಿಮ್ಮಪ್ಪನ್ನ ಬರೋಕ್ ಹೇಳು. ಹಿಂಗೇ ಆದ್ರೆ ಫೇಲಾಗ್ತೀಯ" ಅಂದರು. ಮನೇಲಿ ಅದನ್ನ ಅವರ ಮೂಗಿನಲ್ಲೇ ಒಪ್ಪಿಸಿದೆ. ಅಪ್ಪ ಹಾಲು ಕರೆಯೋದು ಬಿಟ್ಟು ನಕ್ಕ. "ಒಳ್ಳೇ ತಮಾಷೆ ಮೇಷ್ಟ್ರು ಕಣೋ."

ಮರುದಿನ ಮೇಷ್ಟ್ರು, "ಏನಂದ್ರು ನಿಮ್ಮಪ್ಪ?"

ಗಂಟಲು ಕೆರೆದೆ. "ತಾವ್ ಇದ್ದೀರಲ್ಲ ಸ್ವಾಮಿ, ನನ್ಗೇನ್ ಯೋಚ್ನೆ?" ಅಪ್ಪ ಹಾಗೆ ಅಂದೇ ಇರಲಿಲ್ಲ. ಕ್ಲಾಸು ಬಿದ್ದು ಬಿದ್ದು ನಗ್ತು. ಮೇಷ್ಟ್ರೂ ನಕ್ಕರು.

ವರ್ಷವಿಡೀ ಹೀಗೇ ನಡೀತು. ಪರಸ್ಪರ ಮುಖ ನೋಡದ ಇಬ್ಬರೂ ಒಬ್ಬರನ್ನೊಬ್ಬರು ಬಲ್ಲೆವು ಅಂದುಕೊಂಡಿದ್ದರು. ಏಪ್ರಿಲ್‌ನಲ್ಲಿ ನಾನು ಫೇಲಾದೆ.

"ಸ್ಕೂಲು ಸಾಕು. ನಾಳೆಯಿಂದ ಹಾಲು ಹಾಕೋಕ್ ಬಾ" ಅಂದ ಅಪ್ಪ. ಟಿ.ಸಿ. ಇಸ್ಕೊಳ್ಳೋಕೆ ಕೊನೆಗೂ ಗೇಟಿನೊಳಗೆ ಬಂದ. ನಾನು ಹಿಂದೆ. ಅಳು ಬರಬೇಕಿತ್ತು. ಬರಲಿಲ್ಲ.

ಮೇಷ್ಟ್ರು ಎದ್ದು ನಿಂತರು. "ಎಷ್ಟು ಸಲ ಹೇಳಿ ಕಳಿಸ್ದೆ ನಿಮಗೆ?"

"ತಮಾಷೆ ಅಂದ್ಕೊಂಡೆ ಸ್ವಾಮಿ."

"ನಾನೂ ನೀವು ಹಗುರಾಗಿ ತಗೊಂಡಿದೀರ ಅಂದ್ಕೊಂಡೆ."

ಇಬ್ಬರೂ ನನ್ನ ಕಡೆ ತಿರುಗಿದರು. ಏನಾದರೂ ಅನ್ನಬೇಕು ಅಂತ ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ.

"ನೀನು ಹೊರಗಿರಯ್ಯ" ಅಂದರು ಮೇಷ್ಟ್ರು. ಅಪ್ಪನಿಗೆ ಕುರ್ಚಿ ಎಳೆದರು.

ಜಗಲೀಲಿ ನಿಂತೆ. ಒಂದು ಗಂಟೆ ಹೊತ್ತಾದ ಮೇಲೆ ಅಪ್ಪ ಹೊರಬಂದ, ಟಿ.ಸಿ. ಇಲ್ಲದೆ. "ಇನ್ನೊಂದ್ ವರ್ಷ ಓದು" ಅಂದ, ಅಷ್ಟೇ.

ಆಮೇಲಿನಿಂದ ಶನಿವಾರ ಶನಿವಾರ ಹಾಲು ಹಾಕಿ ವಾಪಸ್ಸು ಬರುವಾಗ ಅಪ್ಪ ಸೈಕಲ್ಲನ್ನು ಸ್ಕೂಲಿನ ಬೇಲಿಗೆ ಒರಗಿಸ್ತಿದ್ದ. ಒಳಗೆ ಇಬ್ಬರೂ ಏನು ಮಾತಾಡ್ತಿದ್ದರೋ, ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.