ಒಂಬತ್ತರೊಳಗೆ ಹೊಳೆ ದಾಟುವ ಕಲಿಪಾ

ನಮ್ಮ ಹುಲ್ಲುಗಾವಲು ಸಮಿತಿಯ ಮುಖ್ಯಸ್ಥೆ ಕಲಿಪಾ ಅಕ್ಕನ ಹೆಸರೆತ್ತಿದರೆ ಊರಿನವರು ಮೊದಲು ಬೈಯುತ್ತಾರೆ. ಗಂಡ ಸತ್ತ ಮೇಲೆ ಹದಿನಾಲ್ಕು ವರ್ಷದಿಂದ ಊರ ಕುರಿಗಳನ್ನು ಬೇಸಿಗೆಗೆ ಬೆಟ್ಟ ಹತ್ತಿಸುವವಳು ಅವಳೇ. ಒರಟು ಬಾಯಿ, ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ನಾನು ಸುಯೂನ್, ಅವಳ ಪಕ್ಕದ ಮನೆಯವನು, ಎಲ್ಲರಿಗಿಂತ ಹೆಚ್ಚು ಬೈದವನು.

ಮೂರು ವರ್ಷದ ಹಿಂದೆ ರಾಜಧಾನಿ ಬಿಷ್ಕೆಕ್‌ನಿಂದ ಸಂಶೋಧಕರು ಬಂದು ಹೊಳೆ ಅಳೆದು, ಪುಸ್ತಕ ಮಾಡಿ, ಕುರಿ ಸಾಕುವ ಮನೆಗಳಿಗೆಲ್ಲ ಹಂಚಿದ್ದರು. ಮೇಲಿನ ಹಿಮ ಈಗ ಬೇಗ ಕರಗುತ್ತದೆ, ಮಧ್ಯಾಹ್ನ ಉಕ್ಕುತ್ತಿದ್ದ ಹೊಳೆ ಇನ್ನು ಬೆಳಿಗ್ಗೆ ಒಂಬತ್ತಕ್ಕೇ ಉಕ್ಕುತ್ತದೆ, ಅಷ್ಟರೊಳಗೆ ಮಂದೆ ದಾಟಿಸಿ ಎಂದು ಅದರಲ್ಲಿತ್ತು. ಆ ಪುಸ್ತಕ ಯಾರಿಗಾದರೂ ಉಪಯೋಗಕ್ಕೆ ಬಂತೋ ಇಲ್ಲವೋ ಎಂದು ವಿಚಾರಿಸಿ ಬರೆದುಕೊಳ್ಳಲು ಈ ಸಲ ಅವರ ಕಡೆಯಿಂದ ಬೆರ್ಮೆತ್ ಎಂಬ ಹುಡುಗಿ ಬಂದಳು. ಬಂದದ್ದು ಸರಿಯಾಗಿ ನಾವು ಮಂದೆ ಹೊರಡಿಸುವ ಬೆಳಿಗ್ಗೆ!

ಅತಿಥಿ ಉಣ್ಣದೆ ನಾವು ಹೊಸ್ತಿಲು ದಾಟುವುದುಂಟೇ? ನನ್ನ ಮನೆಯಲ್ಲಿ ಕುರಿ ಕೊಯ್ದು ಹಂಡೆ ಏರಿಸಿದೆವು. ಗಂಟೆ ಎಂಟಾದರೂ ಮಾಂಸ ಬೆಂದಿರಲಿಲ್ಲ. ಕಲಿಪಾ ಎದ್ದು ನಿಂತಳು.

"ಕೂತ್ಕೊಳ್ಳಕ್ಕಾ, ಊರ ಮಾನ ಹರಾಜು ಹಾಕ್ತೀಯಾ?" ಅವಳ ತೋಳು ಹಿಡಿದೆಳೆದೆ.

"ನಿನ್ನ ಮಾನ ಬೇಯೋಷ್ಟರಲ್ಲಿ ಹೊಳೆ ಉಕ್ಕತ್ತೆ ಕಣೋ. ಬಿಡು ಕೈ." ಬೆರ್ಮೆತ್ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಮ್ಮಾ, ಕುರಿ ಊರವರದು" ಎಂದಳು.

"ಹೋಗು, ಹೋಗು! ಹೊಳೆ ನಿನ್ನ ಗಡಿಯಾರ ನೋಡ್ಕೊಂಡು ಹರಿಯತ್ತಾ?" ಎಂದು ಕೂಗಿದೆ. ಕುದುರೆ ಏರಿ, ಊರ ನಾನೂರು ಕುರಿ ಹೊಡೆದುಕೊಂಡು ಅವಳು ಹೋದೇ ಹೋದಳು. ನನಗೆ ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು.

ಅತಿಥಿಗೆ ಹೊಟ್ಟೆ ತುಂಬ ಬಡಿಸಿ, ಹಿಂದೆ ಉಳಿಸಿಕೊಂಡಿದ್ದ ನನ್ನ ಅರವತ್ತು ಕುರಿಗಳೊಂದಿಗೆ ಅವಳನ್ನೂ ಕರೆದುಕೊಂಡು ದಡ ಮುಟ್ಟಿದಾಗ ಹತ್ತು ಗಂಟೆ. ನೀರು ಕೆಸರಾಗಿತ್ತು, ತಳದಲ್ಲಿ ಬಂಡೆ ಉರುಳುವ ಸದ್ದು. ಆಚೆ ದಡದಲ್ಲಿ ಕಲಿಪಾ ತಲೆವಸ್ತ್ರ ಬಿಚ್ಚಿ ಬೀಸುತ್ತಿದ್ದಳು.

"ಇಳೀಬೇಡ ಕಣೋ! ನಾಳೆ ಬೆಳಿಗ್ಗೆ ಬಾ!"

ಅತಿಥಿಯ ಎದುರು ಹೊಳೆಗೆ ಹೆದರಿ ಹಿಂದಿರುಗುವುದೇ? ಮುಂದಾಳು ಹೋತವನ್ನು ನೀರಿಗೆ ಅಟ್ಟಿದೆ.

ನಡುಹೊಳೆಯಲ್ಲಿ ಮೊದಲ ಕುರಿ ಉರುಳಿತು. ಮತ್ತೊಂದು. ಆದರೂ ಹೋತದ ಹಿಂದೆ ಉಳಿದವು ಇಳಿಯುತ್ತಲೇ ಇದ್ದವು. ಕಲಿಪಾ ಕುದುರೆಯನ್ನು ನೀರಿಗಿಳಿಸಿದಳು. ನೀರು ಜೀನು ಮುಟ್ಟಿತು. ಹೋತದ ಮೂತಿಗೆ ಚಾವಟಿಯಿಂದ ಬಾರಿಸಿದಳು, ಅದು ನನ್ನ ಕಡೆ ತಿರುಗಿತು, ಮಂದೆಯೂ ತಿರುಗಿತು. ಅಷ್ಟರಲ್ಲಿ ಅವಳ ಕುದುರೆಯ ಕಾಲು ಜಾರಿತು. ಕುದುರೆಯೊಂದಿಗೆ ಅವಳೂ ಮುಳುಗಿದಳು.

ಸತ್ತಳು ಅಂದುಕೊಂಡೆ. ನೂರು ಮಾರು ಕೆಳಗೆ ಲಗಾಮು ಹಿಡಿದೇ ಆಚೆ ದಡಕ್ಕೆ ತೆವಳಿದಳು. ಕೆಮ್ಮುತ್ತಲೇ ನನ್ನ ವಂಶವನ್ನೆಲ್ಲ ಬೈಯತೊಡಗಿದಳು. ಆ ಬೈಗುಳ ಕೇಳಿ ನನಗೆ ಜೀವ ಬಂತು.

ನನ್ನ ಹನ್ನೊಂದು ಕುರಿ ಕೊಚ್ಚಿಹೋಗಿದ್ದವು. ಬೆರ್ಮೆತ್ ನನ್ನ ಕಡೆ ತಿರುಗಿದಳು. "ಅಣ್ಣಾ, ನಿಮಗೆ ಆ ಪುಸ್ತಕ ತಲುಪಿರ್ಲಿಲ್ವಾ?"

"ತಲುಪಿತ್ತಮ್ಮಾ," ಎಂದೆ. "ಎರಡು ಸಲ ಓದಿದ್ದೀನಿ. ಹಾಗೇ ಬರ್ಕೋ."