ಗಟ್ಟಿ ಮೈ ಹೊರಗೆ

ಮೂಡಬಿದಿರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಅಂಗಿಯ ಕಿಸೆಯಲ್ಲಿ ಪೆನ್ನಿನ ಜೊತೆ ಲೋಹ ಉಜ್ಜುವ ಸಣ್ಣ ಅರವನ್ನೂ ಇಟ್ಟುಕೊಳ್ಳುತ್ತಿದ್ದರು. ಗುಂಡು ತಡೆಯುವ ತಗಡು ಮಾಡುವುದು ಅವರ ಸಂಶೋಧನೆ. ಅಲ್ಯೂಮಿನಿಯಂ ಕರಗಿಸಿ, ಪಿಂಗಾಣಿಯಂಥ ಗಟ್ಟಿ ಪುಡಿ ಒಂದು ಮೈಯಲ್ಲೇ ಹೆಚ್ಚು ಕೂರುವಂತೆ ಎರೆಯುತ್ತಿದ್ದರು. ನೋಡಲು ಎರಡು ಮೈಯೂ ಒಂದೇ. "ಗಟ್ಟಿ ಮೈ ಗುಂಡನ್ನು ಒಡೀತದೆ, ಮೆದು ಮೈ ಚೂರು ಹಿಡೀತದೆ. ತಿರುಗಿಸಿ ಕಟ್ಟಿದರೆ ಚೂರು ಎದೆಗೇ." ಯಾವುದನ್ನು ಹೊಗಳಿದರೂ "ಅಷ್ಟು ನಂಬ್ಲಿಕ್ಕಿಲ್ಲ, ಅಕ್ಕ" ಎನ್ನುವರು.

ಪೊಲೀಸಿನಲ್ಲಿದ್ದ ನನ್ನ ಗಂಡನನ್ನು ಬೆಳ್ತಂಗಡಿ ಕಡೆಯ ಕಾಡಿಗೆ, ಬಂದೂಕು ಹಿಡಿದವರನ್ನು ಹುಡುಕಲು ಹಾಕಿದಾಗ ನಾನು ಅತ್ತು ಕರೆದು ಮೇಷ್ಟ್ರಿಂದ ಒಂದು ತಗಡು ಇಸಿದುಕೊಂಡೆ. ಗಟ್ಟಿ ಮೈಗೆ ಅವರು ಕೆಂಪು ಶಾಯಿಯ ಗುರುತು ಹಾಕಿಕೊಟ್ಟರು. ನಾನು ಅದನ್ನು ಬನಿಯನ್ನಿನ ಎದೆಗೆ ಹೊಲಿದೆ.

ಗಂಡ ಹೊರಡುವ ಬೆಳಿಗ್ಗೆ ಮೇಷ್ಟ್ರು ಬೇಲಿಯಾಚೆಯಿಂದ ಕೇಳಿದರು: "ಗುರುತು ಹೊರಗೆ ಉಂಟಲ್ಲ?"

"ಗುರುತೆಲ್ಲಿ ಮಾರಾಯ್ರೆ? ಹೊಲಿಯುವ ಮೊದಲು ಬೆಳ್ಳಿ ತಟ್ಟೆಯ ಹಾಗೆ ತಿಕ್ಕಿದ್ದೇನೆ."

ಅವರು ಬೇಲಿ ದಾಟಿ ಓಡಿಬಂದರು. ಒಳಗೆ ಬಂದವರೇ ಹೊಲಿಗೆ ಬಿಚ್ಚಿ, ಹೊರಗಿದ್ದ ಮೈಗೆ ಅರ ಎಳೆದರು. ಸಲೀಸಾಗಿ ಗೀರು ಬಿತ್ತು. ಅದು ಮೆದು ಮೈ.

ಗಂಡನನ್ನು ಕರೆದೊಯ್ಯಲು ಬಂದ ಜೀಪು ಹಾರ್ನ್ ಹಾಕಿತು. "ತಿರುಗಿಸಿ ಕೊಡಿ, ಈಗಲೇ ಹೊಲಿತೇನೆ," ಎಂದೆ.

ಅವರು ತಗಡನ್ನು ಬಿಡಲಿಲ್ಲ. "ಸರಿಯಾಗಿ ಇಟ್ಟರೂ ತಡೀತದಾ ಗೊತ್ತಿಲ್ಲ, ಅಕ್ಕ. ಇದಕ್ಕೆ ಇನ್ನೂ ಒಂದು ಗುಂಡೂ ಹೊಡೆದಿಲ್ಲ."

ಹೊಲಿಗೆ ಬಿಚ್ಚಿದ ಆ ಬನಿಯನ್ನಿನ ಮೇಲೆಯೇ ಖಾಕಿ ತೊಟ್ಟು ನನ್ನ ಗಂಡ ಜೀಪು ಹತ್ತಿದರು.