ಮನೆದೇವರ ಹೆಸರಿನ ಪಾಸ್‌ವರ್ಡ್

ಬೇಲೂರಿನ ನಮ್ಮ ಮನೆ ಪಾಲಾದಾಗ ಭಾವನವರು ಹಾಲ್ ನಡುವೆಯೇ ಗೋಡೆ ಎಬ್ಬಿಸಿದರು. ಬಾವಿ ಅವರಿಗೆ, ಹಿತ್ತಿಲ ತೆಂಗಿನಮರ ನಮಗೆ, ಮಾತುಕತೆ ಬಂದ್. ಮನೆದೇವರು ಮಾತ್ರ ಎರಡೂ ಮನೆಗೆ ಒಬ್ಬನೇ. ನಮ್ಮೆಜಮಾನರು, ಪುಣ್ಯಾತ್ಮ, ವೈಫೈ ಪಾಸ್‌ವರ್ಡ್‌ಗೆ ಅದೇ ದೇವರ ಹೆಸರು ಹಾಕಿ ಮುಂದೆ ಒಂದು ಎರಡು ಮೂರು ಸೇರಿಸಿದ್ದರು. ಬೀದಿಯಲ್ಲಿ ಕಳ್ಳತನವಾಯಿತೆಂದು ಹಾಲ್‌ಗೆ ತಂದು ಸಿಕ್ಕಿಸಿದ ಕ್ಯಾಮೆರಾಕ್ಕೂ ಅದೇ ಪಾಸ್‌ವರ್ಡ್. ಬೇರೆ ಇಡಿ ಅಂದರೆ, ಮರೆತುಹೋಗುತ್ತೆ ಅಂತ ನನ್ನ ಮೇಲೇ ರೇಗಿದರು.

ಮಗಳಿಗೆ ಅರಸೀಕೆರೆ ಕಡೆಯ ಸಂಬಂಧ ಕೂಡಿಬರುತ್ತಿತ್ತು. ಅದೇ ಹೊತ್ತಿಗೆ ನನ್ನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಹಾಸನದಲ್ಲಿ ಪರೀಕ್ಷೆಗೆ ಕೊಟ್ಟು ಬಂದೆವು. ರಿಪೋರ್ಟ್ ಬರುವವರೆಗೆ ಮಗಳಿಗೂ ಹೇಳೋದು ಬೇಡ ಅಂತ ನಾವಿಬ್ಬರೇ ಹಾಲ್‌ನಲ್ಲಿ ಕೂತು ಮಾತಾಡಿಕೊಂಡೆವು. ತಾಯಿಗೆ ಕ್ಯಾನ್ಸರ್ ಅಂತ ಸುದ್ದಿ ಹಬ್ಬಿದರೆ ಗಂಡಿನವರು ಹಿಂದೆಮುಂದೆ ನೋಡುತ್ತಾರೆ ಅನ್ನುವ ಭಯ ನನಗೆ.

ಮಾರನೆಯ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದೆ. ವರ್ಷಗಟ್ಟಲೆ ಮುಖ ತಿರುಗಿಸಿಕೊಂಡೇ ಓಡಾಡಿದ ಓರಗಿತ್ತಿ ಪಕ್ಕಕ್ಕೆ ಬಂದು ನಿಂತಳು.

"ಎದೇಲಿ ಗಂಟಂತಲ್ಲೇ. ಗಂಡಿನ ಕಡೆಯೋರಿಗೆ ಹೇಳಿದ್ಯಾ, ಇಲ್ಲ ಮುಚ್ಚಿಟ್ಟು ಮದುವೆ ಮಾಡ್ತೀಯಾ?"

ಮೈಯೆಲ್ಲಾ ಉರಿದುಹೋಯಿತು. ಒಳಗೆ ಬಂದು ಮಗಳಿಗೆ ಎಲ್ಲಾ ಹೇಳಿಬಿಟ್ಟೆ. ಅವಳು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಫೋನ್ ಹಿಡಿದು ಕೂತಳು. ನಮ್ಮ ವೈಫೈಗೆ ಅವಳ ದೊಡ್ಡಮ್ಮನ ಮನೆಯ ಟಿವಿಯೂ ಫೋನುಗಳೂ ಸೇರಿಕೊಂಡಿದ್ದವು. ಕ್ಯಾಮೆರಾವನ್ನೂ ಅಲ್ಲಿಂದಲೇ ತೆರೆದಿದ್ದರು. ಅದಕ್ಕೆ ಕಿವಿಯೂ ಇದೆ ಅಂತ ನನಗೆ ಗೊತ್ತಾದದ್ದು ಆಗಲೇ. ಥೂ, ನಮ್ಮ ನೆಟ್‌ನಲ್ಲಿ ಧಾರಾವಾಹಿ ನೋಡಿದ್ದು ಸಾಲದೆ ನನ್ನ ಸಂಕಟವನ್ನೂ ಕೂತು ನೋಡಿದಳಲ್ಲ.

ದೇವರ ಹೆಸರು ತೆಗೆದರೆ ಅಪಶಕುನ ಅಂತ ಇವರು ಅಡ್ಡ ಬಂದರು. ದೇವರನ್ನು ದೇವರಕೋಣೆಯಲ್ಲಿ ಇಟ್ಟುಕೊಳ್ಳಿ ಅಂದೆ. ಮಗಳು ತಲೆಬುಡವಿಲ್ಲದ ಉದ್ದನೆಯ ಪಾಸ್‌ವರ್ಡ್ ಹಾಕಿದಳು, ರೂಟರ್ ಒಳಗಿನದನ್ನೂ ಬದಲಿಸಿದಳು, ಕ್ಯಾಮೆರಾ ಕಿತ್ತಳು. ಸಂಜೆ ಗೋಡೆಯಾಚೆ ಟಿವಿ ಬಾಯಿ ಮುಚ್ಚಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಆದರೆ ಓರಗಿತ್ತಿಯ ಬಾಯಿಗೆ ಬೀಗ ಹಾಕುವವರು ಯಾರು? ಎರಡು ದಿನ ತಳಮಳಿಸಿ, ಅವಳು ಹೇಳುವ ಮೊದಲು ನಾನೇ ಹೇಳೋಣ ಅಂತ ಗಂಡಿನ ತಾಯಿಗೆ ಫೋನ್ ಮಾಡಿದೆ. ಮಗಳೂ ಕೇಳಲಿ ಅಂತ ಸ್ಪೀಕರ್‌ಗೆ ಹಾಕಿದೆ. ಗಂಟಿನ ವಿಷಯ, ರಿಪೋರ್ಟ್ ಇನ್ನೂ ಬರಬೇಕಾದದ್ದು, ಎಲ್ಲ ಹೇಳಿದೆ. ಆಕೆ ನಿಧಾನವಾಗಿ ಕೇಳಿಸಿಕೊಂಡರು.

"ನಮಗೆ ಗೊತ್ತಿತ್ತು ಕಣ್ರೀ. ನಿಮ್ಮ ಓರಗಿತ್ತಿ ಆಗಲೇ ಫೋನ್ ಮಾಡಿದ್ರು. ನೀವಾಗಿ ಬಾಯಿ ಬಿಡ್ತೀರೋ ಇಲ್ವೋ ಅಂತ ನೋಡ್ತಾ ಇದ್ವಿ."

ಹೇಗಿದ್ದೀರಿ ಅಂತ ಒಂದು ಮಾತು ಕೇಳಲಿಲ್ಲ. ನಾನು ಏನಾದರೂ ಅನ್ನುವ ಮೊದಲೇ ಮಗಳು ಕೈ ಚಾಚಿ ಫೋನ್ ಕಟ್ ಮಾಡಿದಳು, ಆ ನಂಬರನ್ನೂ ಬ್ಲಾಕ್ ಮಾಡಿದಳು.

ಗಂಟು ಕೆಟ್ಟದ್ದಲ್ಲ ಅಂತ ವಾರದ ಮೇಲೆ ರಿಪೋರ್ಟ್ ಬಂತು. ಅದನ್ನು ಅರಸೀಕೆರೆಗೂ ತಿಳಿಸಲಿಲ್ಲ, ಗೋಡೆಯಾಚೆಗೂ ತಿಳಿಸಲಿಲ್ಲ. ಬೇಕಾದರೆ ಹೊಂಚು ಹಾಕಿ ತಿಳಿದುಕೊಳ್ಳಲಿ.